ಬೆರಳಿಗೊಂದು ಕೆಲಸ ಕೊಡಿ

ಮಧುಗಿರಿ ಕಡೆಯ ನಮ್ಮ ಶಾಲೆಯ ಆರನೇ ಕ್ಲಾಸಲ್ಲಿ ಒಬ್ಬ ಹುಡುಗ ಸದಾ ಪೆನ್ನು ಟಕಟಕ ಅನ್ನಿಸುತ್ತಿದ್ದ. ಪೆನ್ನು ಕಿತ್ತಿಟ್ಟುಕೊಂಡೆ. ಅಂಗಿ ಗುಂಡಿ ತಿರುಗಿಸತೊಡಗಿದ, ಅದೂ ಕಿತ್ತು ಬಂತು. ಅವನಿಗೆ ಬೈಯೋದು ಬಿಟ್ಟು ಇಡೀ ಕ್ಲಾಸಿನಿಂದ ಫಿಜೆಟ್ ಆಟಿಕೆ, ಅಂದರೆ ಸುಮ್ಮನಿರದ ಬೆರಳು ಆಡಿಸೋ ಪುಟ್ಟ ವಸ್ತು, ಮಾಡಿಸಿದೆ.

ನೀವೂ ಮಾಡಿಸುವುದಾದರೆ ಮೊದಲ ದಿನ ಕತ್ತರಿ ಮುಟ್ಟಿಸಬೇಡಿ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ‘ನಿನ್ನ ಕೈ ಯಾವಾಗ ಸುಮ್ಮನಿರಲ್ಲ?’ ಅಂತ ಒಬ್ಬರನ್ನೊಬ್ಬರು ಕೇಳಲಿ. ಕೇಳಿದ್ದನ್ನು ಒಂದೇ ಸಾಲಿಗೆ ಇಳಿಸಲಿ: ಸದ್ದಿಲ್ಲದ, ಜೇಬಲ್ಲಿ ಹಿಡಿಯುವ, ಒಂದೇ ಕೈಲಿ ಆಡಿಸುವ ವಸ್ತು. ಬಳಸುವವರ ಕಷ್ಟ ಕೇಳಿ, ಮಾಡಿ ನೋಡಿ, ತಿದ್ದೋದಕ್ಕೆ ಡಿಸೈನ್ ಥಿಂಕಿಂಗ್ ಅನ್ನೋ ದೊಡ್ಡ ಹೆಸರಿದೆ; ಅದರ ಅರ್ಧ ಕೆಲಸ ಅಲ್ಲಿಗೇ ಮುಗೀತು. ಆಮೇಲೆ ಪ್ರತಿ ಜೋಡಿ ಐದು ಚಿತ್ರ ಬರೆಯಲಿ, ಚೆಂದ ಬೇಡ.

ಸ್ಪಿನ್ನರ್, ಅಂದರೆ ಬೆರಳಲ್ಲಿ ಹಿಡಿದು ಗಿರಗಿರ ತಿರುಗಿಸೋ ಮೂರು ತೋಳಿನ ಆಟಿಕೆ, ಬೇಕೆಂದವರಿಗೆ ನಡುವೆ ಕೂರಿಸೋಕೆ 608 ಅನ್ನೋ ಅಳತೆಯ ಬೇರಿಂಗ್ (ಸರಾಗವಾಗಿ ತಿರುಗೋ ಬಳೆ) ತಂದುಕೊಡಿ, ಹೊರ ಅಗಲ 22 ಮಿಲಿಮೀಟರ್. ರಟ್ಟಿನ ಮೂರೂ ತೋಳಿಗೆ ಒಂದೇ ತೂಕದ ನಾಣ್ಯ ಅಂಟಿಸದಿದ್ದರೆ ಅದು ಕುಡಿದವನಂತೆ ಓಲಾಡುತ್ತೆ.

ನನಗೆ ಹಿಡಿಸಿದ್ದು ಕೈಲಿ ಅಮುಕೋ ಪುಟ್ಟ ಚೀಲ. ಒಬ್ಬಳು ಹಳೇ ಸೀರೆ ತುಂಡಿಗೆ ಹುಣಸೆಬೀಜ ತುಂಬಿದಳು, ಗಲಗಲ ಅಂತು. ರಾಗಿ ತುಂಬಿದಳು, ಸದ್ದು ನಿಂತಿತು, ಆದರೆ ಎರಡನೇ ದಿನಕ್ಕೆ ಹೊಲಿಗೆಯಿಂದ ಬೆಂಚಿನ ಮೇಲೆಲ್ಲ ರಾಗಿ. ನಾನು ಬಾಯಿ ಬಿಡಲಿಲ್ಲ, ಕಷ್ಟಪಟ್ಟು. ಅವಳೇ ಒಳಗೊಂದು ಚೀಲ, ಹೊರಗೊಂದು ಚೀಲ ಹೊಲಿದು, ಬಾಯಿಗೆ ಎರಡು ಸಾಲು ಹಾಕಿದಳು.

ವಾರವಿಡೀ ಪಾಠದ ಹೊತ್ತಲ್ಲೇ ಬಳಸಿ ನೋಡಲಿ. ಕಣ್ಣು ಬೋರ್ಡ್ ಬಿಟ್ಟು ಆಟಿಕೆಗೆ ಹೋದರೆ ಅದನ್ನು ಮತ್ತೆ ಬದಲಿಸಬೇಕು. ನಾಣ್ಯ, ಬೀಜ ಮನೆಯ ಪುಟ್ಟ ಮಕ್ಕಳ ಬಾಯಿಗೆ ಸಿಗದಂತೆ ಎಲ್ಲವನ್ನೂ ಶಾಲೆಯ ಬೀರುವಲ್ಲೇ ಇಡಿಸಿ.