ಏಳು ವರ್ಷದ ಸರ್ವೀಸ್ ಸೊನ್ನೆ ಆದದ್ದು ಹೇಗೆ: ಇಂಗ್ಲೆಂಡಿಗೆ ಹೊರಟ ನರ್ಸ್‌ಗಳಿಗೆ

ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನ ನಮ್ಮ ಆಸ್ಪತ್ರೆಯ ಸ್ಟಾಫ್ ರೂಮಿನಲ್ಲಿ ಶಿವಮೊಗ್ಗ ಕಡೆಯ ಹುಡುಗಿಯೊಬ್ಬಳು ಮೊಬೈಲ್ ಚಾಚಿದಳು. "ಅಕ್ಕಾ, ನನ್ನ ಪೇಸ್ಲಿಪ್ ಸರಿ ಇದೆಯಾ ನೋಡಿ." ಬೆಂಗಳೂರಿನಲ್ಲಿ ಎಂಟು ವರ್ಷ ಐಸಿಯು ನೋಡಿದವಳು. ಪೇಸ್ಲಿಪ್‌ನಲ್ಲಿ ಮಾತ್ರ ಬ್ಯಾಂಡ್ 5 ಅನ್ನುವ ನರ್ಸ್ ದರ್ಜೆಯ ತಳದ ಸಂಬಳ. ಇಲ್ಲಿನ ಕಾಲೇಜಿನಿಂದ ಮೊನ್ನೆ ಪಾಸಾಗಿ ಬಂದ 21ರ ಹುಡುಗಿಗೂ ಅಷ್ಟೇ. ಅದೇ ತಪ್ಪು. ನಾನು ಮಾಡಿದ್ದು, ನನ್ನ ನಂತರ ಬಂದ ನಾಲ್ಕು ಜನ ಮಾಡಿದ್ದು, ಈಗ ಇವಳು. ಇನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರೆದೇ ಬಿಡೋಣ ಅನ್ನಿಸಿತು.

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಬೇಕು, ಕಂಪ್ಯೂಟರಿನ ಸಿಬಿಟಿ ಪರೀಕ್ಷೆಗೆ ಹೇಗೆ ಓದಬೇಕು, ಮಾಡಿ ತೋರಿಸುವ ಆಸ್ಕಿ ಪರೀಕ್ಷೆಯಲ್ಲಿ ಯಾವ ಸ್ಟೇಷನ್ ಕಷ್ಟ ಅಂತ ನಾನು ಹೇಳುವುದಿಲ್ಲ. ಅದು ಯೂಟ್ಯೂಬ್ ತುಂಬ ಇದೆ, ನೀವೂ ನೋಡಿಯೇ ಇರುತ್ತೀರಿ. ಚಳಿಗೆ ಜಾಕೆಟ್ ತನ್ನಿ ಅಂತಲೂ ಹೇಳುವುದಿಲ್ಲ.

ಸಂಬಳದ ಲೆಕ್ಕ ಮೊದಲು. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಡಾಕ್ಟರು, ದೊಡ್ಡ ಮ್ಯಾನೇಜರು ಬಿಟ್ಟು ಉಳಿದವರೆಲ್ಲ 'ಅಜೆಂಡಾ ಫಾರ್ ಚೇಂಜ್' ಅನ್ನುವ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಪಿನ್ ನಂಬರ್, ಅಂದರೆ ಇಲ್ಲಿನ ನರ್ಸ್ ನೋಂದಣಿ ಸಂಖ್ಯೆ, ಬರುವ ತನಕ ನಮ್ಮನ್ನು ಬ್ಯಾಂಡ್ 3 ಅಥವಾ 4ರಲ್ಲಿ ಇಡುತ್ತಾರೆ. ಪಿನ್ ಬಂದ ಮೇಲೆ ಬ್ಯಾಂಡ್ 5. ಈ ಬ್ಯಾಂಡ್ 5ರ ಒಳಗೆ ಮೂರು ಮೆಟ್ಟಿಲು. 2025-26ರಲ್ಲಿ ಇಂಗ್ಲೆಂಡಿನಲ್ಲಿ ಮೊದಲನೆಯದು 31,049 ಪೌಂಡ್. ಎರಡು ವರ್ಷ ಆದ ಮೇಲೆ 33,487. ನಾಲ್ಕು ವರ್ಷ ಆದ ಮೇಲೆ 37,796. ಸ್ಕಾಟ್ಲೆಂಡಿನ ಪಟ್ಟಿ ಬೇರೆ.

ತಳಕ್ಕೂ ತುದಿಗೂ ವರ್ಷಕ್ಕೆ 6,747 ಪೌಂಡ್ ವ್ಯತ್ಯಾಸ. ನೀವು ಯಾವ ಮೆಟ್ಟಿಲಲ್ಲಿ ನಿಲ್ಲುತ್ತೀರಿ ಅನ್ನುವುದನ್ನು ತೀರ್ಮಾನಿಸುವುದು ಮೊದಲ ತಿಂಗಳು ಎಚ್‌ಆರ್ ಕಳಿಸುವ ಒಂದು ಫಾರ್ಮು. ಅದರಲ್ಲಿ 'ಹಿಂದಿನ ಎನ್‌ಎಚ್‌ಎಸ್ ಸರ್ವೀಸ್' ಅಂತ ಒಂದು ಕಾಲಂ. ನಾನು 2021ರ ಅಕ್ಟೋಬರ್‌ನಲ್ಲಿ ಬಂದೆ. ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ ಮಾಡಿದ್ದೆ. ಎನ್‌ಎಚ್‌ಎಸ್‌ನಲ್ಲಿ ಮಾಡಿಲ್ಲವಲ್ಲ, ಪ್ರಾಮಾಣಿಕವಾಗಿ 'ಇಲ್ಲ' ಅಂತ ಬರೆದು ಸಹಿ ಹಾಕಿದೆ. ಕಂಪ್ಯೂಟರು ಸೊನ್ನೆ ಅಂತ ಹಾಕಿಕೊಂಡಿತು.

ಯಾರೂ ಮೋಸ ಮಾಡಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ ಅಷ್ಟೇ. ಕೇಳದೇ ಇದ್ದ ಪ್ರಶ್ನೆ ಒಂದಿತ್ತು, ಅದು ನನಗೆ ಗೊತ್ತಿರಲಿಲ್ಲ.

ಎನ್‌ಎಚ್‌ಎಸ್ ಸೇವಾ ನಿಯಮಗಳ ಕೈಪಿಡಿ ಎಲ್ಲರಿಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ 12ನೇ ಭಾಗ ತೆಗೆದು ನೋಡಿ. ಹೊರಗಡೆ ಮಾಡಿದ ಕೆಲಸ ಈ ಕೆಲಸಕ್ಕೆ ಸಂಬಂಧಪಟ್ಟದ್ದಾಗಿದ್ದರೆ ಅದನ್ನು ಎಣಿಕೆಗೆ ತೆಗೆದುಕೊಳ್ಳುವ ಅಧಿಕಾರ ಕೆಲಸ ಕೊಡುವವರಿಗೆ ಇದೆ ಅಂತ ಬರೆದಿದೆ. ಅಧಿಕಾರ ಇದೆ, ಕಡ್ಡಾಯ ಇಲ್ಲ. ಎಲ್ಲ ಇರುವುದು ಆ ಒಂದು ಪದದಲ್ಲಿ. ಇದರ ಮೇಲೆ ಟ್ರಸ್ಟ್‌ಗಳು, ಅಂದರೆ ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಸಂಸ್ಥೆಗಳು, ತಮ್ಮ ತಮ್ಮ ಪಾಲಿಸಿ ಬರೆದುಕೊಂಡಿರುತ್ತವೆ. ಒಂದು ಕಡೆ 'ಇನ್‌ಕ್ರಿಮೆಂಟಲ್ ಕ್ರೆಡಿಟ್' ಅಂತಾರೆ, ಇನ್ನೊಂದು ಕಡೆ 'ರೆಕನಬಲ್ ಸರ್ವೀಸ್' ಅಂತಾರೆ. ಈ ಎರಡು ಪದ ಬಾಯಿಪಾಠ ಮಾಡಿ. ಇವನ್ನು ಹೇಳದೆ ಸುಮ್ನೆ "ನನಗೆ ಅನುಭವ ಇದೆ" ಅಂದರೆ ಎಚ್‌ಆರ್‌ನವರು "ವೆರಿ ಗುಡ್" ಅಂದು ನಗುತ್ತಾರೆ. ಇಲ್ಲಿಯ ನಗು ಬಹಳ ಚೆನ್ನಾಗಿರುತ್ತದೆ, ಅದರಿಂದ ಸಂಬಳ ಹೆಚ್ಚುವುದಿಲ್ಲ.

ನನಗೆ ಇದು ತಿಳಿದದ್ದು ಒಂದೂವರೆ ವರ್ಷ ಆದ ಮೇಲೆ. ನನ್ನ ಜೊತೆಗೇ ಬಂದ ಮಲಯಾಳಿ ಗೆಳತಿ ಕಾರ್ ಕೊಂಡಳು. ಅದೇ ವಾರ್ಡ್, ಅದೇ ಡ್ಯೂಟಿ, ನನಗಿಂತ ಒಂದು ವರ್ಷ ಕಡಿಮೆ ಅನುಭವ. ಅವಳು ತುದಿ ಮೆಟ್ಟಿಲಲ್ಲಿ ಇದ್ದಳು! ವಿಮಾನ ಹತ್ತುವ ಮೊದಲೇ ಅವರ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ. ಕನ್ನಡದವರ ಗುಂಪಿನಲ್ಲಿ ಆ ಹೊತ್ತಿಗೆ ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಅಂತ ಚರ್ಚೆ ನಡೆದಿತ್ತು. ಬೈಯುತ್ತಿಲ್ಲ, ನಾನೂ ಪುಳಿಯೋಗರೆ ಪಕ್ಷದಲ್ಲಿದ್ದೆ.

ಓಡಿಹೋಗಿ ಕೇಳಿದೆ. ನಮ್ಮ ಟ್ರಸ್ಟಿನ ಪಾಲಿಸಿ ಪ್ರಕಾರ ಕೆಲಸಕ್ಕೆ ಸೇರಿ ಮೂರು ತಿಂಗಳ ಒಳಗೆ ದಾಖಲೆ ಕೊಡಬೇಕಿತ್ತು. ಅವಧಿ ಮುಗಿದಿತ್ತು. ಯೂನಿಯನ್ನಿಗೆ ಹೋದೆ. ಅಲ್ಲಿ ಇನ್ನೊಂದು ಪಾಠ: ನಾನು ಸದಸ್ಯಳಾದದ್ದು ಆ ವಾರವೇ. ಸದಸ್ಯತ್ವಕ್ಕಿಂತ ಮುಂಚಿನ ತಕರಾರು ಅವರು ಕೈಗೆತ್ತಿಕೊಳ್ಳುವುದಿಲ್ಲ. ಹಾಗಾಗಿ ತುದಿ ಮೆಟ್ಟಿಲು ನನಗೆ ಸಿಕ್ಕಿದ್ದು ಈ ಜನವರಿಯಲ್ಲಿ, ಬ್ಯಾಂಡ್ 5ರಲ್ಲಿ ನಾಲ್ಕು ವರ್ಷ ಕಾದ ಮೇಲೆ. ನನ್ನ ಅನುಭವ ಪೂರ್ತಿ ಎಣಿಸಿದ್ದರೆ ಎಷ್ಟು ಬರುತ್ತಿತ್ತು ಅಂತ ಒಂದು ರಾತ್ರಿ ಲೆಕ್ಕ ಹಾಕಿದೆ. ಟ್ಯಾಕ್ಸ್ ಕಳೆಯುವ ಮೊದಲು 20,000 ಪೌಂಡ್ ದಾಟುತ್ತದೆ. ಊರಿನ ಕಡೆ ಒಂದು ಸೈಟಿನ ದುಡ್ಡು. ಆಮೇಲೆ ಲೆಕ್ಕ ಹಾಕುವುದನ್ನು ಬಿಟ್ಟೆ.

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಲ್ಲ ಅಂತಾರಲ್ಲ, ಇಲ್ಲಿ ಅಳುವುದಕ್ಕೂ ಫಾರ್ಮ್ ಇದೆ, ಕಡೇ ದಿನಾಂಕವೂ ಇದೆ. ಆದ್ದರಿಂದ ಆಫರ್ ಲೆಟರ್ ಬಂದ ದಿನವೇ ಇಮೇಲ್ ಹಾಕಿ. ಫೋನ್ ಬೇಡ, ಇಮೇಲ್. ನಿಮ್ಮ ಟ್ರಸ್ಟಿನ ಇನ್‌ಕ್ರಿಮೆಂಟಲ್ ಕ್ರೆಡಿಟ್ ಪಾಲಿಸಿ ಕಳಿಸಿ, ವಿದೇಶದ ಅನುಭವ ಎಣಿಸುತ್ತೀರಾ, ಏನೇನು ದಾಖಲೆ ಬೇಕು, ಎಂದಿನ ಒಳಗೆ ಬೇಕು ಅಂತ ಕೇಳಿ. ಪಿನ್ ಬಂದು ಬ್ಯಾಂಡ್ 5 ಆದಾಗ ಇದನ್ನು ಮತ್ತೆ ನೋಡುತ್ತಾರಾ ಅಂತಲೂ ಕೇಳಿ. ಕೇಳಿದರೆ ಆಫರ್ ವಾಪಸ್ ತೆಗೆದುಕೊಂಡುಬಿಡುತ್ತಾರೆ ಅನ್ನುವ ಭಯ ನನಗೂ ಇತ್ತು. ಹಾಗೆ ಕಳೆದುಕೊಂಡವರನ್ನು ನಾನು ಇನ್ನೂ ನೋಡಿಲ್ಲ. ಇಲ್ಲ ಅನ್ನಬಹುದು, ಅದು ಅವರ ವಿವೇಚನೆ. ಆದರೆ ಯೋಚಿಸಿ ಇಲ್ಲ ಅನ್ನಲಿ.

ಇನ್ನು ದಾಖಲೆ. ನಮ್ಮ ಆಸ್ಪತ್ರೆಗಳು ಕೊಡುವ ಅನುಭವ ಪತ್ರ ನಾಲ್ಕು ಸಾಲು ಇರುತ್ತದೆ. ಇಂಥವರು ಇಂಥ ದಿನದಿಂದ ಇಂಥ ದಿನದ ತನಕ ಕೆಲಸ ಮಾಡಿದರು, ನಡತೆ ಚೆನ್ನಾಗಿತ್ತು. ನಮ್ಮ ನಡತೆ ಕಟ್ಟಿಕೊಂಡು ಇವರಿಗೆ ಏನು? ಯಾವ ವಾರ್ಡು, ಎಷ್ಟು ಬೆಡ್ಡು, ವಾರಕ್ಕೆ ಎಷ್ಟು ಗಂಟೆ, ಪೂರ್ಣಾವಧಿಯಾ, ಏನೇನು ಕೆಲಸ, ಇದೆಲ್ಲ ಬೇಕು. ಕೆಲಸ ಬಿಡುವ ಮೊದಲೇ, ಇನ್ನೂ ನಿಮ್ಮ ಮುಖ ನೆನಪಿರುವಾಗ, ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಅಪಾಯಿಂಟ್‌ಮೆಂಟ್ ಆರ್ಡರು, ಮೊದಲ ಮತ್ತು ಕೊನೆಯ ಸಂಬಳದ ಚೀಟಿ ಸ್ಕ್ಯಾನ್ ಮಾಡಿಡಿ. ಪಿಎಫ್ ಪಾಸ್‌ಬುಕ್ ಡೌನ್‌ಲೋಡ್ ಮಾಡಿಕೊಳ್ಳಿ, ತಿಂಗಳು ತಿಂಗಳಿನ ಲೆಕ್ಕ ಅದರಲ್ಲಿ ಸಿಗುತ್ತದೆ. ನಾನು ಕೆಲಸ ಮಾಡಿದ ಒಂದು ನರ್ಸಿಂಗ್ ಹೋಮ್ ಈಗ ಮದುವೆ ಛತ್ರ ಆಗಿದೆ. ಅಲ್ಲಿ ಯಾರ ಹತ್ತಿರ ಪತ್ರ ಕೇಳಲಿ?

ಬಾಂಡ್ ವಿಷಯ ಸ್ವಲ್ಪದರಲ್ಲಿ. ಇಷ್ಟು ವರ್ಷದೊಳಗೆ ಬಿಟ್ಟರೆ ಖರ್ಚು ವಾಪಸ್ ಕೊಡಬೇಕು ಅಂತ ಇಲ್ಲಿಯೂ ಬರೆಸಿಕೊಳ್ಳುತ್ತಾರೆ. ಯಾವ ಖರ್ಚು ಅಂತ ಬಿಡಿಸಿ ಓದಿ. ವಿದೇಶಿ ಕೆಲಸಗಾರರನ್ನು ಕರೆಸುವುದಕ್ಕೆ ಸರ್ಕಾರ ಹಾಕುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. 2024ರ ಡಿಸೆಂಬರ್ 31ರಿಂದ ವೀಸಾಗೆ ಕೆಲಸ ಕೊಡುವವರು ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಫೀಸನ್ನೂ ನಿಮ್ಮ ತಲೆಗೆ ಕಟ್ಟುವಂತಿಲ್ಲ. ಕೆಲಸ ಕೊಡಿಸಿದ್ದಕ್ಕೆ ಏಜೆಂಟು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ, ಇಲ್ಲಿನ ನೇಮಕಾತಿ ನೀತಿಸಂಹಿತೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಒಂದು ಮಾತು ಒಪ್ಪಬೇಕು. ಇಲ್ಲಿ ಬಾಂಡ್ ಇದ್ದರೂ ಯಾರೂ ನಮ್ಮ ಒರಿಜಿನಲ್ ಸರ್ಟಿಫಿಕೇಟ್ ಬೀರುವಿನಲ್ಲಿ ಇಟ್ಟು ಬೀಗ ಹಾಕುವುದಿಲ್ಲ. ನಮ್ಮ ಕಡೆ ಎಷ್ಟು ಹುಡುಗಿಯರು ಮಾರ್ಕ್ಸ್ ಕಾರ್ಡ್ ಬಿಡಿಸಿಕೊಳ್ಳಲು ಸಾಲ ಮಾಡಿದ್ದಾರೆ ಅಲ್ವಾ.

ಹೆರಿಗೆ ವಾರ್ಡಿನಿಂದ ಬರುವವರಿಗೆ ಪ್ರತ್ಯೇಕ ಎಚ್ಚರಿಕೆ. ನಮ್ಮಲ್ಲಿ ನರ್ಸಿಂಗ್ ಓದಿದವರು ನರ್ಸೂ ಹೌದು, ಮಿಡ್‌ವೈಫೂ ಹೌದು. ಕರ್ನಾಟಕದ ಕೌನ್ಸಿಲ್ಲಿನಲ್ಲಿ ಎರಡೂ ಒಟ್ಟಿಗೆ ದಾಖಲಾಗುತ್ತವೆ. ಇಲ್ಲಿ ಎರಡೂ ಬೇರೆ ವೃತ್ತಿ, ರಿಜಿಸ್ಟರಿನಲ್ಲಿ ಬೇರೆ ಭಾಗ, ಪರೀಕ್ಷೆಯೂ ಬೇರೆ. ಸಾವಿರಾರು ಹೆರಿಗೆ ನೋಡಿದ ನನ್ನ ರೂಮ್‌ಮೇಟ್ ನರ್ಸ್ ಪಿನ್ ತೆಗೆದುಕೊಂಡು, ಹೆರಿಗೆ ವಾರ್ಡ್ ಕೇಳಿ, ವಯಸ್ಸಾದವರ ವಾರ್ಡಿಗೆ ಹೋದಳು. ಬೇಸರದ ವಿಷಯ ಏನೆಂದರೆ ಆ ಕೆಲಸ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ತೊಂದರೆ ಇಲ್ಲದ ಹೆರಿಗೆಯನ್ನು ಮಿಡ್‌ವೈಫೇ ಪೂರ್ತಿ ನೋಡಿಕೊಳ್ಳುತ್ತಾಳೆ, ಡಾಕ್ಟರ್ ಬಾಗಿಲು ಇಣುಕುವುದೂ ಇಲ್ಲ. ನೋವು ಸರಿಯಾಗಿ ಶುರುವಾದ ಮೇಲೆ ಒಬ್ಬ ತಾಯಿಗೆ ಒಬ್ಬ ಮಿಡ್‌ವೈಫ್ ಇರಬೇಕು ಅನ್ನುವುದು ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆಯ ಮಾತು. ಜನ ಕಡಿಮೆ ಇದ್ದಾಗ ಅದೂ ತಪ್ಪುತ್ತದೆ. ಆದರೆ ತಪ್ಪಿದರೆ ತಪ್ಪಿದೆ ಅಂತ ದಾಖಲಾಗುತ್ತದೆ. ಈ ಒಂದು ವಿಷಯದಲ್ಲಿ ಅವರ ಪದ್ಧತಿಯೇ ಮೇಲು.

ಅಂದಹಾಗೆ, ಮೊದಲ ದಿನ "ನಾನು ಸಿಸ್ಟರ್" ಅಂತ ಪರಿಚಯ ಮಾಡಿಕೊಳ್ಳಬೇಡಿ. ಊರಲ್ಲಿ ನಾವೆಲ್ಲ ಸಿಸ್ಟರ್. ಇಲ್ಲಿ ಸಿಸ್ಟರ್ ಅಂದರೆ ವಾರ್ಡಿನ ಮೇಲಿನ ಹುದ್ದೆ. ಒಬ್ಬ ಜೂನಿಯರ್ ಡಾಕ್ಟರ್ ಅರ್ಧ ದಿನ ನನ್ನ ಹತ್ತಿರ ಬೆಡ್ ಕೇಳುತ್ತಿದ್ದ.

ಕೆಲಸದ ಭಾರ? ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳೇ 20 ಜನರನ್ನು ನೋಡಿದವಳಿಗೆ ಇಲ್ಲಿ ಎಂಟು ಜನ ಅಂದಾಗ ನಗು ಬಂತು. ಎರಡನೇ ವಾರ ಅಳು ಬಂತು. ಮೈ ಒರೆಸುವುದು, ತಿನ್ನಿಸುವುದು, ಶೌಚಕ್ಕೆ ಕರೆದೊಯ್ಯುವುದು ಎಲ್ಲ ನಮ್ಮದೇ, ಜೊತೆಗೆ ಇರಲು ಅತ್ತೆಯೂ ಇಲ್ಲ ಅಮ್ಮನೂ ಇಲ್ಲ. ಊರಿನ ಆಸ್ಪತ್ರೆಗಳಲ್ಲಿ ನರ್ಸ್ ಕೊರತೆಯನ್ನು ತುಂಬಿಸುವವರು ರೋಗಿಯ ಮನೆಯವರೇ ಅಂತ ನನಗೆ ಗೊತ್ತಾದದ್ದು ಇಲ್ಲಿ ಬಂದ ಮೇಲೆ. ಇಂಗ್ಲೆಂಡಿನಲ್ಲಿ ಒಬ್ಬ ನರ್ಸಿಗೆ ಇಷ್ಟೇ ರೋಗಿ ಅನ್ನುವ ಕಾನೂನು ಇಲ್ಲ. ಹಗಲಿನಲ್ಲಿ ಎಂಟು ದಾಟಿದರೆ ಅಪಾಯ ಹೆಚ್ಚು ಅಂತ ನೈಸ್‌ನ 2014ರ ಮಾರ್ಗಸೂಚಿ ಹೇಳುತ್ತದೆ, ಅಷ್ಟೇ. ವೇಲ್ಸ್ 2016ರಲ್ಲೇ ಸಿಬ್ಬಂದಿ ಸಂಖ್ಯೆಗೆ ಕಾನೂನು ಮಾಡಿತು. ಸ್ಕಾಟ್ಲೆಂಡಿನ 2019ರ ಕಾನೂನು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಎರಡು ಕಡೆ ಆಫರ್ ಇದ್ದರೆ ಇದನ್ನೂ ತೂಕ ಮಾಡಿ.

ಜನ ಕಡಿಮೆ ಇದ್ದ ದಿನ ಸುಮ್ಮನೆ ಹಲ್ಲು ಕಚ್ಚಿ ಓಡಬೇಡಿ. ಬಹಳ ಆಸ್ಪತ್ರೆಗಳಲ್ಲಿ ಡೇಟಿಕ್ಸ್ ಅಂತ ಒಂದು ಆನ್‌ಲೈನ್ ಫಾರ್ಮ್ ಇರುತ್ತದೆ. ಎಷ್ಟು ಜನ ಇರಬೇಕಿತ್ತು, ಎಷ್ಟು ಜನ ಇದ್ದೆವು, ಯಾವ ಔಷಧಿ ತಡವಾಯಿತು ಅಂತ ಅದರಲ್ಲಿ ಬರೆಯಿರಿ. ನಮ್ಮವರು ಅದನ್ನು ಚಾಡಿ ಅಂದುಕೊಳ್ಳುತ್ತಾರೆ. ಚಾಡಿ ಅಲ್ಲ, ಮುಂದೆ ಏನಾದರೂ ಆದರೆ ನಿಮ್ಮ ಪಿನ್ ಉಳಿಸುವ ಕಾಗದ ಅದು.

ಇನ್ನೊಂದು ಕಹಿ ಮಾತು. 2019ರಲ್ಲಿ 50,000 ನರ್ಸ್ ಹೆಚ್ಚಿಸುತ್ತೇವೆ ಅಂತ ಇಲ್ಲಿನ ಸರ್ಕಾರ ಮಾತು ಕೊಟ್ಟಿತ್ತು. ಆ ಲೆಕ್ಕ ತುಂಬಿದ್ದು ಬಹುಪಾಲು ನಮ್ಮಂಥವರಿಂದ. ಈಗ ಬಾಗಿಲು ಕಿರಿದಾಗಿದೆ. ಟ್ರಸ್ಟ್‌ಗಳು ಹೊರದೇಶದ ನೇಮಕಾತಿ ಕಡಿಮೆ ಮಾಡಿವೆ. 2025ರ ಜುಲೈ 22ರಿಂದ ಕೇರ್ ವರ್ಕರ್ (ವಯಸ್ಸಾದವರು, ಅಶಕ್ತರನ್ನು ನೋಡಿಕೊಳ್ಳುವ ಕೇರರ್) ವೀಸಾಗೆ ಹೊರದೇಶದಿಂದ ಹೊಸ ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ. 'ಮೊದಲು ಕೇರರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಿ' ಅಂತ ಯಾರಾದರೂ ಈಗಲೂ ಹೇಳಿ ಅಡ್ವಾನ್ಸ್ ಕೇಳಿದರೆ, ಅವರು ಇಲ್ಲದ ದಾರಿ ಮಾರುತ್ತಿದ್ದಾರೆ.

ಶಿವಮೊಗ್ಗದ ಹುಡುಗಿ ಸೇರಿ ಎರಡೂವರೆ ತಿಂಗಳು ಆಗಿತ್ತು. ಅವತ್ತೇ ಸಂಜೆ ಕೂತು ಇಬ್ಬರೂ ಇಮೇಲ್ ಬರೆದೆವು. ಕೈಯಲ್ಲಿದ್ದ ಕಾಗದಕ್ಕೆ ಎರಡು ವರ್ಷ ಒಪ್ಪಿದರು, ಎರಡನೇ ಮೆಟ್ಟಿಲು ಸಿಕ್ಕಿತು. ಉಳಿದ ಆರು ವರ್ಷಕ್ಕೆ ಹಳೇ ಆಸ್ಪತ್ರೆಯಿಂದ ಸರಿಯಾದ ಪತ್ರ ತನ್ನಿ, ಹತ್ತು ದಿನ ಕೊಡುತ್ತೇವೆ ಅಂದಿದ್ದಾರೆ. ಅವಳಪ್ಪ ನಿನ್ನೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಎಚ್‌ಆರ್ ಬಾಗಿಲು ತೆಗೆಯುವುದನ್ನು ಕಾಯುತ್ತಿದ್ದೇನೆ ಅಂತ ಮೆಸೇಜ್ ಬಂದಿದೆ.