ಚಳಿ ಬಂದಿಲ್ಲ ಅಂತ ಮಾವಿನ ಗಿಡಕ್ಕೆ ನೀರು ಸುರಿಯಬೇಡಿ

ಮೈಸೂರಿನ ಕೈತೋಟದವರಿಗೆಲ್ಲ ಒಂದು ಮಾತು. ದೀಪಾವಳಿ ಮುಗಿದರೂ ರಾತ್ರಿ ಫ್ಯಾನ್ ಬೇಕು ಅನ್ನುವ ಹಾಗಿದ್ದರೆ ಗಿಡಗಳು ಸುಮ್ನೆ ಚಿಗುರುತ್ತಾ ಹೋಗುತ್ತವೆ. ನೋಡೋಕೆ ಚೆನ್ನ. ಆದರೆ ಮನೆ ಹಿಂದೆ ಮಾವು ಇರುವವರು ಹುಷಾರು. ಮಾವು ಹೂ ಬಿಡಲು ತಂಪು ರಾತ್ರಿ ಬೇಕು, ಎಲೆ ಬಲಿತಿರಬೇಕು, ಬುಡವೂ ಒಣಗಿರಬೇಕು. ಬಿಸಿಲಿದೆಯಲ್ಲ ಅಂತ ದಿನಾ ಪೈಪ್ ಬಿಟ್ಟು, ಮೇಲಿಂದ ಯೂರಿಯಾನೂ ಹಾಕಿದರೆ ಹೂವಿನ ಬದಲು ಕೆಂಪು ಚಿಗುರೇ ಬರುತ್ತದೆ. ನಾನು ಒಂದು ವರ್ಷ ಇದನ್ನೇ ಮಾಡಿ, ಯುಗಾದಿ ಚಿತ್ರಾನ್ನಕ್ಕೆ ಮಾವಿನಕಾಯಿಯನ್ನು ದೇವರಾಜ ಮಾರುಕಟ್ಟೆಯಿಂದ ತಂದೆ!

ದೊಡ್ಡ ಮರಕ್ಕೆ ನವೆಂಬರ್‌ನಿಂದ ನೀರು ನಿಲ್ಲಿಸಿ. ಕಾಯಿ ಬಟಾಣಿ ಗಾತ್ರ ಆದ ಮೇಲೆ ಮತ್ತೆ ಶುರು ಮಾಡಿ. ಕುಂಡದಲ್ಲಿರುವ ಗಿಡವನ್ನು ಮಾತ್ರ ಪೂರ್ತಿ ಒಣಗಿಸಬೇಡಿ, ಮಣ್ಣಿಗೆ ಬೆರಳಿಟ್ಟು ನೋಡಿ ಸ್ವಲ್ಪ ಹಾಕಿ.

ಗುಲಾಬಿ, ದಾಸವಾಳದ ಎಳೆ ಚಿಗುರಿಗೆ ಈ ಹವೆಯಲ್ಲಿ ರಸ ಹೀರುವ ಗಿಡಹೇನು ಜಾಸ್ತಿ. 1 ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಸೇವಂತಿಗೆ ಮೊಗ್ಗು ಕಟ್ಟಿಲ್ಲವೆಂದು ಸೆಕೆಯನ್ನೇ ಬೈಯಬೇಡಿ. ಅದಕ್ಕೆ ಉದ್ದನೆಯ ಕತ್ತಲೆ ರಾತ್ರಿ ಬೇಕು, ನಾವು ನೋಡಿದರೆ ಟೆರೇಸ್ ಲೈಟ್ ಬೆಳಗಿನವರೆಗೂ ಉರಿಸುತ್ತೇವೆ, ಅಲ್ವಾ? ಕುಂಡವನ್ನು ಕತ್ತಲಿರುವ ಮೂಲೆಗೆ ಸರಿಸಿ ನೋಡಿ.