ಜೇಡಿಮಣ್ಣಿನ ವಿಷವನ್ನು ವಿದ್ಯುತ್ತಿನಿಂದ ಎಳೆಯುವುದು ಹೇಗೆ?

ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಎರಡು ಹಿಡಿ ಬಿಳಿ ಶೇಡಿಮಣ್ಣಿಗೆ ಒಂದು ಚಮಚ ಅರಿಸಿನ ಬೆರೆಸಿ, ನೀರು ಹಾಕಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಟ್ಟಿ. ಪೆನ್ಸಿಲಿನ ಎರಡು ಗ್ರಾಫೈಟ್ ಕಡ್ಡಿಗಳನ್ನು 9 ಸೆಂ.ಮೀ. ಅಂತರದಲ್ಲಿ ಚುಚ್ಚಿ, ತಂತಿಯಿಂದ 9 ವೋಲ್ಟ್ ಬ್ಯಾಟರಿಗೆ ಜೋಡಿಸಿ. ಬ್ಯಾಟರಿ ಮಾತ್ರ, ಗೋಡೆಯ ಪ್ಲಗ್‌ಗೆ ಜೋಡಿಸಿದರೆ ಪ್ರಾಣಕ್ಕೇ ಅಪಾಯ. ತುಸು ಹೊತ್ತು ಕಾದರೆ ಮೈನಸ್ ಕಡ್ಡಿಯ ಸುತ್ತಲಿನ ಹಳದಿ ಕೆಂಪಾಗುತ್ತದೆ, ಆರತಿ ತಟ್ಟೆಯ ಅರಿಸಿನ ನೀರಿಗೆ ಸುಣ್ಣ ಬಿದ್ದ ಹಾಗೆ. ನೀರು ಒಡೆದು ಅಲ್ಲಿ ಕ್ಷಾರ ಹುಟ್ಟಿದೆ. ಪ್ಲಸ್ ಕಡ್ಡಿಯ ಬಳಿ ಅಷ್ಟೇ ಆಮ್ಲ ಹುಟ್ಟಿದೆ, ಬಣ್ಣ ಮಾತ್ರ ಅದನ್ನು ತೋರಿಸುವುದಿಲ್ಲ. ಈ ಕೆಂಪು ಕಲೆಯನ್ನು ನೆನಪಿಡಿ.

ಕೆರೆಯ ಏರಿಗೆ ಜೇಡಿಮಣ್ಣು ತುಂಬಿ ಗುದ್ದುವುದು ನೀರು ಜಿನುಗಬಾರದೆಂದು. ಆ ಗುಣವೇ ಕಾರ್ಖಾನೆಯ ವಿಷ ಇಳಿದ ನೆಲದಲ್ಲಿ ಶಾಪವಾಗುತ್ತದೆ. ಮರಳಾದರೆ ನೀರು ಹಾಯಿಸಿ ತೊಳೆಯಬಹುದು. ಜೇಡಿಮಣ್ಣಿನೊಳಗೆ ಎಷ್ಟು ಒತ್ತಡ ಹಾಕಿದರೂ ನೀರು ನುಗ್ಗದು. ವಿದ್ಯುತ್ತಿಗೆ ಆ ತಡೆಯಿಲ್ಲ. ಜೇಡಿಯ ಕಣಗಳ ಮೈಮೇಲೆ ಋಣ ಆವೇಶವಿರುತ್ತದೆ, ಅವಕ್ಕೆ ಅಂಟಿದ ನೀರಿನ ಪೊರೆಯಲ್ಲಿ ಧನ ಅಯಾನುಗಳು, ಅಂದರೆ ಧನ ಆವೇಶ ಹೊತ್ತ ಸೂಕ್ಷ್ಮ ಕಣಗಳು, ಕಿಕ್ಕಿರಿದಿರುತ್ತವೆ. ವಿದ್ಯುತ್ ಹರಿಸಿದೊಡನೆ ಆ ಅಯಾನುಗಳು ಮೈನಸ್ ಕಡೆಗೆ ಹೊರಟು ನೀರನ್ನೂ ಜೊತೆಗೆ ಎಳೆದೊಯ್ಯುತ್ತವೆ. ರಂಧ್ರ ಎಷ್ಟು ಕಿರಿದೆಂಬುದು ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. 1809ರಲ್ಲಿ ಮಾಸ್ಕೋದಲ್ಲಿ ರಾಯ್ಸ್ ಎಂಬ ವಿಜ್ಞಾನಿ ಜೇಡಿಯಲ್ಲೇ ಇದನ್ನು ಕಂಡದ್ದು.

ನಿಜವಾದ ನೆಲದಲ್ಲಿ ಕೆಲಸ ಮಣ್ಣಿನ ಪರೀಕ್ಷೆಯಿಂದ ಶುರುವಾಗಬೇಕು. ಯಾವ ವಿಷ, ಎಷ್ಟು ಆಳದಲ್ಲಿ, ಮಣ್ಣಿನಲ್ಲಿ ಸುಣ್ಣದ ಅಂಶ ಎಷ್ಟು? ಸೀಸ, ತಾಮ್ರ, ಕ್ಯಾಡ್ಮಿಯಂಗಳು ಸಾಮಾನ್ಯವಾಗಿ ಮೈನಸ್ ಕಡೆಗೆ ಹೋಗುತ್ತವೆ. ಕ್ರೋಮೇಟ್ ರೂಪದ ಕ್ರೋಮಿಯಂ ಪ್ಲಸ್ ಕಡೆಗೆ. ಇದು ಗೊತ್ತಿಲ್ಲದೆ ಕೈಹಾಕಿದರೆ ವಿಷಕ್ಕೆ ಒಂದು ಕಡೆ ಕಾದು, ಅದು ಇನ್ನೊಂದು ಕಡೆ ಸೇರುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಂತೆ ಸುಣ್ಣದ ಹರಳು ಬೆರೆತ ನೆಲ, ಲೋಹವನ್ನು ಬಿಡಿಸಬೇಕಾದ ಆಮ್ಲವನ್ನೆಲ್ಲ ನುಂಗಿಬಿಡುತ್ತದೆ. ಅಂಥಲ್ಲಿ ಕೆಲಸ ಬಹಳ ನಿಧಾನ, ಖರ್ಚೂ ಹೆಚ್ಚು.

ಆಮೇಲೆ ಸಾಲಾಗಿ ಬಾವಿ ಕೊರೆದು ವಿದ್ಯುದ್ವಾರಗಳನ್ನು, ಅಂದರೆ ನಿಮ್ಮ ಡಬ್ಬಿಯ ಕಡ್ಡಿಗಳ ಕೆಲಸ ಮಾಡುವ ಸರಳುಗಳನ್ನು, ಇಳಿಸುತ್ತಾರೆ. ಪ್ಲಸ್ ಬದಿಗೆ ಗ್ರಾಫೈಟ್ ಅಥವಾ ಲೇಪನವಿರುವ ಟೈಟಾನಿಯಂ ಬೇಕು, ಸಾದಾ ಕಬ್ಬಿಣವಾದರೆ ಕರಗಿಹೋಗುತ್ತದೆ. ಮೈನಸ್ ಬದಿಗೆ ಉಕ್ಕು ಸಾಕು. ಮಣ್ಣು ಒದ್ದೆಯಾಗಿಯೇ ಇರಬೇಕು. ಹರಿಸುವುದು ಏಕಮುಖ ವಿದ್ಯುತ್, ಸಾಮಾನ್ಯವಾಗಿ ಸೆಂಟಿಮೀಟರಿಗೆ ಸುಮಾರು 1 ವೋಲ್ಟ್. ನಿಮ್ಮ ಡಬ್ಬಿಯ ಲೆಕ್ಕವೂ ಅದೇ. ಇಷ್ಟಾದರೂ ನೀರು ಸಾಗುವುದು ದಿನಕ್ಕೆ ಕೆಲವೇ ಸೆಂಟಿಮೀಟರ್. ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೈನಸ್ ಬದಿಯಲ್ಲಿ ಹೈಡ್ರೋಜನ್ ಏಳುವುದರಿಂದ ಬೆಂಕಿಯ ಕಿಡಿ ಹತ್ತಿರ ಸುಳಿಯಬಾರದು.

ಈಗ ಕೆಂಪು ಕಲೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಅಲ್ಲೇ. ಪ್ಲಸ್ ಬದಿಯ ಆಮ್ಲ ಮಣ್ಣಿಗಂಟಿದ ಲೋಹವನ್ನು ಬಿಡಿಸಿ ಕಳಿಸುತ್ತದೆ, ಅದು ಉಪಕಾರಿ. ಆದರೆ ಲೋಹ ಮೈನಸ್ ಬದಿಯ ಕ್ಷಾರವನ್ನು ತಾಕಿದೊಡನೆ ಗಷ್ಟಾಗಿ ಕುಳಿತು ರಂಧ್ರ ಮುಚ್ಚುತ್ತದೆ, ದಾರಿ ಕಟ್ಟಿಹೋಗುತ್ತದೆ. ಅದಕ್ಕಾಗಿ ಆ ಬಾವಿಗೆ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿಯನ್ನು ಬಿಡುತ್ತ ಕ್ಷಾರವನ್ನು ತಗ್ಗಿಸಬೇಕು. ಬಾವಿಯಲ್ಲಿ ಕೂಡಿದ ನೀರನ್ನು ಪಂಪಿನಿಂದ ಎತ್ತಿ, ಲೋಹವನ್ನು ಬೇರ್ಪಡಿಸಬೇಕು. ಲೋಹವನ್ನು ವಿದ್ಯುತ್ ನಾಶ ಮಾಡುವುದಿಲ್ಲ, ಒಂದೆಡೆ ತಂದು ಕೊಡುತ್ತದೆ, ಅಷ್ಟೇ.

ಕೆಲವು ವಿಷಗಳನ್ನು ಮಣ್ಣಿನೊಳಗೇ ಮುರಿಯಬಹುದು. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದ ಯುರೇನಿಯಂ ಸಂವರ್ಧನಾ ಸ್ಥಾವರದಲ್ಲಿ, ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ಜೇಡಿನೆಲಕ್ಕೆ ಇಳಿದಿತ್ತು. ಅಲ್ಲಿ 1995ರಲ್ಲಿ ವಿದ್ಯುದ್ವಾರಗಳ ನಡುವೆ ಶುದ್ಧೀಕರಣದ ಪದರಗಳನ್ನಿಟ್ಟು ಪರೀಕ್ಷೆ ನಡೆಸಿದರು. ಪದರ ಪದರವಾಗಿರುವ ಇಟಲಿಯ ತಿನಿಸಿನ ನೆನಪಿಗೆ ವಿಧಾನಕ್ಕೆ 'ಲಸಾನ್ಯ' ಎಂದೇ ಹೆಸರು. ನಾಲ್ಕು ತಿಂಗಳಲ್ಲಿ ಆ ಚಿಕ್ಕ ತುಂಡು ನೆಲದ 98%ಕ್ಕೂ ಹೆಚ್ಚು ವಿಷ ಹೊರಬಂತು. ಮುಂದಿನ ಹಂತಗಳಲ್ಲಿ ಪದರಕ್ಕೆ ಕಬ್ಬಿಣದ ಚೂರು ತುಂಬಿದರು. ಎಳೆದುಬಂದ ವಿಷ ಕಬ್ಬಿಣ ತಾಕಿ ಅಲ್ಲೇ ಮುರಿಯಿತು.

ಕೆಲಸ ಮುಗಿಯಿತೆಂದು ವಿದ್ಯುತ್ ನಿಲ್ಲಿಸುವ ಮುನ್ನ ಮಣ್ಣಿನ ಮಾದರಿಯನ್ನು ಸಾಲಿನ ಉದ್ದಕ್ಕೂ ತೆಗೆಯಿರಿ, ಮೈನಸ್ ಬಾವಿಯ ಪಕ್ಕದ್ದನ್ನು ತಪ್ಪಿಸಬೇಡಿ. ಉಳಿದ ವಿಷ ಅಡಗುವುದು ಅಲ್ಲೇ. ಪ್ಲಸ್ ಬದಿಯ ನೆಲ ಹುಳಿಯಾಗಿರುತ್ತದೆ. ಅದಕ್ಕೆ ಸುಣ್ಣ ಬೆರೆಸಿ ಪಿ.ಎಚ್. (ಆಮ್ಲ-ಕ್ಷಾರದ ಅಳತೆ) 7ರ ಆಸುಪಾಸಿಗೆ ತಂದ ಮೇಲಷ್ಟೇ ಅಲ್ಲಿ ಬೀಜ ಹಾಕಿ.